ಡೆಟ್ರಾಯಿಟ್ ಕಾರುಗಳು ಸೋತಿದ್ದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾರು ಉದ್ಯಮ ಮುಳುಗಿಹೋಗಿದೆ ಅಂತಾರಲ್ಲ, ನಿಜಾನಾ?

ಅರ್ಧ ನಿಜ. ಅಮೆರಿಕದ ನೆಲದಲ್ಲಿ ಇವತ್ತಿಗೂ ವರ್ಷಕ್ಕೆ ಹೆಚ್ಚುಕಮ್ಮಿ 1 ಕೋಟಿ ಗಾಡಿಗಳು ತಯಾರಾಗುತ್ತವೆ. ಅದೇನು ಸಣ್ಣ ಲೆಕ್ಕ ಅಲ್ಲ. ಆದರೆ ಅವುಗಳಲ್ಲಿ ಎಷ್ಟೋ ಗಾಡಿಗಳ ಮೇಲೆ ಟೊಯೋಟಾ, ಹೋಂಡಾ, ಹ್ಯುಂಡೈ, ಬಿಎಂಡಬ್ಲ್ಯು ಅಂತ ಬರೆದಿರುತ್ತದೆ. ಸೊರಗಿದ್ದು ಮಿಶಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಮೂರು ಕಂಪನಿಗಳು (ಇಲ್ಲಿ ಡೆಟ್ರಾಯಿಟ್ ಅಂದ್ರೆ ಬಹುತೇಕ ಇವರೇ), ಅವುಗಳನ್ನು ನಂಬಿಕೊಂಡಿದ್ದ ಮಿಶಿಗನ್, ಒಹಾಯೊ, ಇಂಡಿಯಾನಾ ಕಡೆಯ ಊರುಗಳು. 1960ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಪ್ರತಿ 10 ಕಾರಿನಲ್ಲಿ ಸುಮಾರು 9 ಈ ಮೂವರದೇ. ಈಗ 10ಕ್ಕೆ 4ರ ಆಸುಪಾಸು. ಜನರಲ್ ಮೋಟಾರ್ಸ್ ಒಂದೇ ಆಗ ಅರ್ಧ ಮಾರುಕಟ್ಟೆ ಹಿಡಿದಿತ್ತು, ಈಗ ಆರನೇ ಒಂದು ಭಾಗದಷ್ಟು ಉಳಿದಿದೆ.

ಹಾಗಾಗಿ "ಅಮೆರಿಕದಲ್ಲಿ ಕಾರು ಮಾಡೋಕೆ ಆಗಲ್ಲ" ಅನ್ನೋ ಮಾತು ತಪ್ಪು. ಮಾಡೋಕೆ ಆಗುತ್ತೆ. ಡೆಟ್ರಾಯಿಟ್‌ನವರಿಗೆ ಯಾಕೆ ಆಗಲಿಲ್ಲ ಅನ್ನೋದೇ ಪ್ರಶ್ನೆ.

ಆ ಮೂರು ಕಂಪನಿಗಳು ಯಾವುವು?

ಜನರಲ್ ಮೋಟಾರ್ಸ್ (ಇಲ್ಲಿಂದ ಮುಂದೆ ಜಿಎಂ), ಫೋರ್ಡ್, ಕ್ರೈಸ್ಲರ್. ಕ್ರೈಸ್ಲರ್ ಕೈ ಬದಲಾಯಿಸುತ್ತಾ ಹೋಗಿದೆ. 1998ರಲ್ಲಿ ಜರ್ಮನಿಯ ಡೈಮ್ಲರ್ ಜೊತೆ ಸೇರಿತು, 2007ರಲ್ಲಿ ಒಂದು ಹೂಡಿಕೆ ಸಂಸ್ಥೆಯ ಪಾಲಾಯಿತು, ದಿವಾಳಿಯಾದ ಮೇಲೆ ಇಟಲಿಯ ಫಿಯೆಟ್ ಕೈಗೆ ಬಂತು. 2021ರಿಂದ ಅದು ಸ್ಟೆಲ್ಲಾಂಟಿಸ್ ಅನ್ನೋ ಗುಂಪಿನ ಭಾಗ. ಅಂದ್ರೆ ಮೂರರಲ್ಲಿ ಒಂದು ಈಗ ಅಮೆರಿಕನ್ ಕಂಪನಿ ಅಂತ ಕರೆಯೋದೇ ಕಷ್ಟ.

ಅಷ್ಟು ದೊಡ್ಡದಾಗಿ ಬೆಳೆದವರು ಎಡವಿದ್ದು ಎಲ್ಲಿ?

ಬೆಳೆದ ರೀತಿಯಲ್ಲೇ ಎಡವುವ ಕಾರಣವೂ ಇತ್ತು ಅನ್ನಿಸುತ್ತೆ. 1913ರಲ್ಲಿ ಹೆನ್ರಿ ಫೋರ್ಡ್ ತನ್ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ತಂದ, ಅಂದ್ರೆ ಕಾರು ಸಾಗುತ್ತಾ ಹೋದ ಹಾಗೆ ಕೆಲಸಗಾರರು ಒಂದೊಂದೇ ಭಾಗ ಜೋಡಿಸುವ ಸಾಲು. ಮರುವರ್ಷ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿದ. ಆಮೇಲೆ ಜಿಎಂನ ಆಲ್ಫ್ರೆಡ್ ಸ್ಲೋನ್ ಇನ್ನೊಂದು ದಾರಿ ಹಿಡಿದ: ಕೆಳಗೆ ಶೆವ್ರೊಲೆ, ಮೇಲೆ ಕ್ಯಾಡಿಲಾಕ್, ನಡುವೆ ಪಾಂಟಿಯಾಕ್, ಓಲ್ಡ್ಸ್‌ಮೊಬಿಲ್, ಬ್ಯುಯಿಕ್. ಸಂಬಳ ಏರಿದ ಹಾಗೆ ಗ್ರಾಹಕನೂ ಒಂದೊಂದೇ ಮೆಟ್ಟಿಲು ಹತ್ತಬೇಕು. ವರ್ಷಕ್ಕೊಮ್ಮೆ ಹೊಸ ರೂಪ ಬರಬೇಕು, ಹೋದ ವರ್ಷದ್ದು ಹಳೇದು ಅನ್ನಿಸಬೇಕು.

ಎರಡನೇ ಮಹಾಯುದ್ಧ ಮುಗಿದಾಗ ಯುರೋಪ್, ಜಪಾನ್ ಎರಡೂ ಕಡೆ ಕಾರ್ಖಾನೆಗಳು ಹಾಳಾಗಿದ್ದವು. ಎದುರಾಳಿಯೇ ಇಲ್ಲ. ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡು ಬೆಲೆ ಇಟ್ಟರು, ಒಬ್ಬರನ್ನೊಬ್ಬರು ನೋಡಿಕೊಂಡು ಕಾರಿಗೆ ಬಾಲ, ರೆಕ್ಕೆ ಅಂಟಿಸಿದರು. ಎಂಜಿನ್ನು, ಬ್ರೇಕು, ತುಕ್ಕು, ಬಾಳಿಕೆ ಇವುಗಳಿಗಿಂತ ಹೊರಗಿನ ತಗಡಿನ ಮೇಲೇ ತಲೆ ಜಾಸ್ತಿ ಓಡಿತು. ಯೂನಿಯನ್ ಜೊತೆ ಜಗಳ ಬೇಡ ಅಂತ 1950ರಲ್ಲಿ ಜಿಎಂ ಐದು ವರ್ಷದ ಒಪ್ಪಂದ ಮಾಡಿಕೊಂಡಿತು: ಸಂಬಳ ಏರಿಕೆ, ಪಿಂಚಣಿ, ಆಸ್ಪತ್ರೆ ಖರ್ಚು ಎಲ್ಲ ಸೇರಿಸಿ. ಉಳಿದಿಬ್ಬರೂ ಅದೇ ದಾರಿ ಹಿಡಿದರು. ಖರ್ಚು ಮೂವರಿಗೂ ಒಂದೇ ಆದ್ದರಿಂದ ಅದನ್ನು ಕಾರಿನ ಬೆಲೆಗೆ ಸೇರಿಸಿದರೆ ಮುಗೀತು. ನಾಲ್ಕನೆಯವನು ಬರುವ ತನಕ ಈ ಲೆಕ್ಕ ಸರಿಯಾಗೇ ಇತ್ತು.

ಜಪಾನಿನ ಕಾರುಗಳು ಬಂದ ಕೂಡಲೇ ಗೆದ್ದುಬಿಟ್ಟವಾ?

ಇಲ್ಲವೇ ಇಲ್ಲ. ಮೊದಲು ಬಾಗಿಲು ತೆರೆದಿದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್. ಟೊಯೋಟಾ 1950ರ ದಶಕದ ಕೊನೆಯಲ್ಲಿ ಟೊಯೋಪೆಟ್ ಕ್ರೌನ್ ತಂದಿತ್ತು. ಜಪಾನಿನ ಗುಂಡಿಬಿದ್ದ ರಸ್ತೆಗೆ ಮಾಡಿದ ಗಾಡಿ ಅದು. ಅಮೆರಿಕದ ಹೆದ್ದಾರಿಯ ವೇಗಕ್ಕೆ ಉಸಿರು ಕಟ್ಟಿತು. ಟೊಯೋಟಾ ಅದನ್ನು ಸುಮ್ನೆ ವಾಪಸ್ ತೆಗೆದುಕೊಂಡು ಹೋಯಿತು. ಕೊರೋಲಾ ಅಮೆರಿಕಕ್ಕೆ ಬಂದಿದ್ದು 1968ರಲ್ಲಿ.

ಈ ಹತ್ತು ವರ್ಷದಲ್ಲಿ ಡೆಟ್ರಾಯಿಟ್ ಏನೂ ಮಾಡಲಿಲ್ಲ ಅಂತಲ್ಲ. ಬೀಟಲ್ ನೋಡಿ 1960ರ ಹೊತ್ತಿಗೆ ಮೂವರೂ ಚಿಕ್ಕ ಕಾರು ತಂದರು: ಕೋರ್ವೇರ್, ಫಾಲ್ಕನ್, ವೇಲಿಯಂಟ್. ಆಮದು ಒಂದಷ್ಟು ಇಳಿಯಿತು. ಆಮೇಲೆ ಏನಾಯ್ತು ಅಂದ್ರೆ ಅವರ ಚಿಕ್ಕ ಕಾರುಗಳು ವರ್ಷ ವರ್ಷ ಉದ್ದ ಆಗುತ್ತಾ, ತೂಕ ಏರುತ್ತಾ ಹೋದವು, ಕೆಳಗಿನ ಜಾಗ ಮತ್ತೆ ಖಾಲಿಯಾಯಿತು.

1973ರ ತೈಲ ಬಿಕ್ಕಟ್ಟು ಬರದಿದ್ದರೆ ಡೆಟ್ರಾಯಿಟ್ ಉಳಿಯುತ್ತಿತ್ತಾ?

ಇನ್ನೊಂದಷ್ಟು ವರ್ಷ ತಳ್ಳುತ್ತಿತ್ತು. ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಕಚ್ಚಾ ತೈಲ ಬ್ಯಾರೆಲ್‌ಗೆ 3 ಡಾಲರ್ ಆಸುಪಾಸಿನಿಂದ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು. ಪೆಟ್ರೋಲ್ ಬಂಕ್ ಮುಂದೆ ಸಾಲು. ಎಂಟು ಸಿಲಿಂಡರಿನ ದೊಡ್ಡ ಕಾರು ಮನೆ ಮುಂದೆ ನಿಂತಿತ್ತು. 1979ರಲ್ಲಿ ಇರಾನ್ ಕ್ರಾಂತಿಯ ನಂತರ ಎರಡನೇ ಪೆಟ್ಟು.

ಆದರೆ ತೈಲಕ್ಕಿಂತ ನನಗೆ ಜಾಸ್ತಿ ಹೇಳುವ ಕಥೆ ಹೊಗೆಯದ್ದು. 1970ರಲ್ಲಿ ಅಮೆರಿಕ ಕಾರಿನ ಹೊಗೆಯ ಮೇಲೆ ಕಟ್ಟುನಿಟ್ಟಿನ ಕಾನೂನು ತಂದಿತು. ಇಷ್ಟು ಬೇಗ ಇದು ಆಗದ ಮಾತು, ಗಡುವು ಮುಂದೆ ಹಾಕಿ ಅಂತ ಡೆಟ್ರಾಯಿಟ್ ಪಟ್ಟು ಹಿಡಿಯಿತು. ಅಷ್ಟರಲ್ಲಿ ಮೋಟಾರ್ ಸೈಕಲ್‌ಗೆ ಹೆಸರಾಗಿದ್ದ ಹೋಂಡಾ ಸಿವಿಸಿಸಿ ಅನ್ನೋ ಎಂಜಿನ್ ಮಾಡಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಇಲ್ಲದೆ ಆ ಮಟ್ಟ ಮುಟ್ಟಿಬಿಟ್ಟಿತು. ಅದು ಚಿಕ್ಕ ಎಂಜಿನ್‌ಗೆ ಮಾತ್ರ ಅಂತ ಮೂಗು ಮುರಿದವರಿಗೆ ಉತ್ತರವಾಗಿ ಹೋಂಡಾ ಒಂದು ದೊಡ್ಡ ಶೆವ್ರೊಲೆ ಇಂಪಾಲಾ ಕೊಂಡು, ಅದಕ್ಕೂ ಇದೇ ವ್ಯವಸ್ಥೆ ಅಳವಡಿಸಿ, ಮಿಶಿಗನ್‌ನ ಆನ್ ಆರ್ಬರ್‌ನಲ್ಲಿರುವ ಸರ್ಕಾರಿ ಪ್ರಯೋಗಾಲಯದಲ್ಲೇ ಪಾಸ್ ಮಾಡಿ ತೋರಿಸಿತು. ಇದಕ್ಕಿಂತ ಮುಖಭಂಗ ಬೇಕಾ?

ಡೆಟ್ರಾಯಿಟ್‌ನವರಿಗೆ ಚಿಕ್ಕ ಕಾರು ಮಾಡೋಕೆ ಬರ್ತಿರಲಿಲ್ವಾ?

ಬರ್ತಿತ್ತು, ಮನಸ್ಸಿರಲಿಲ್ಲ. ದೊಡ್ಡ ಕಾರಿಗೆ ಆಗುವ ಖರ್ಚಿಗೂ ಚಿಕ್ಕದಕ್ಕೆ ಆಗುವ ಖರ್ಚಿಗೂ ಅಂಥ ವ್ಯತ್ಯಾಸ ಇಲ್ಲ, ಮಾರುವ ಬೆಲೆಯಲ್ಲಿ ಮಾತ್ರ ಭಾರಿ ವ್ಯತ್ಯಾಸ. ಹಾಗಾಗಿ ಚಿಕ್ಕ ಕಾರು ಅಂದ್ರೆ ಅಲ್ಲಿನ ಲೆಕ್ಕದವರಿಗೆ ತಲೆನೋವು. 1970ರಲ್ಲಿ ಬಂದ ಶೆವ್ರೊಲೆ ವೇಗಾ ಬೇಗ ತುಕ್ಕು ಹಿಡಿಯಿತು, ಅದರ ಅಲ್ಯುಮಿನಿಯಂ ಎಂಜಿನ್ ಬಿಸಿಯಾಗಿ ಕೈಕೊಟ್ಟಿತು. ಅದನ್ನು ಮಾಡುತ್ತಿದ್ದ ಒಹಾಯೊದ ಲಾರ್ಡ್ಸ್‌ಟೌನ್ ಕಾರ್ಖಾನೆಯಲ್ಲಿ ಲೈನ್‌ನ ವೇಗ ಗಂಟೆಗೆ 100 ಕಾರು. ಅಂದ್ರೆ ಒಬ್ಬ ಕೆಲಸಗಾರನಿಗೆ ಒಂದು ಕಾರಿಗೆ 36 ಸೆಕೆಂಡ್. 1972ರಲ್ಲಿ ಅಲ್ಲಿನ ಹುಡುಗರು ಮುಷ್ಕರ ಹೂಡಿದರು. ಬರೀ ದುಡ್ಡಿಗಲ್ಲ, ಈ ಓಟ ತಡೆಯೋಕೆ ಆಗ್ತಿಲ್ಲ ಅಂತ.

ಫೋರ್ಡ್ ಪಿಂಟೋದ್ದು ಇನ್ನೂ ಕೆಟ್ಟ ಕಥೆ. ಹಿಂದಿನಿಂದ ಗುದ್ದಿದರೆ ಪೆಟ್ರೋಲ್ ಟ್ಯಾಂಕ್‌ಗೆ ಬೆಂಕಿ ಹತ್ತುವ ಅಪಾಯ. 1978ರಲ್ಲಿ ಸುಮಾರು 15 ಲಕ್ಷ ಕಾರು ವಾಪಸ್ ಕರೆಸಬೇಕಾಯಿತು. ಮೊದಲ ಕಾರು ಅಂತ ವೇಗಾನೋ ಪಿಂಟೋನೋ ಕೊಂಡ ಹುಡುಗ ಎರಡನೇ ಕಾರಿಗೆ ಎಲ್ಲಿಗೆ ಹೋಗ್ತಾನೆ? ಹೋಂಡಾ ಡೀಲರ್ ಹತ್ತಿರ. ಸ್ಲೋನ್ ಕಟ್ಟಿದ ಮೆಟ್ಟಿಲು ಕೆಳಗಿನಿಂದಲೇ ಮುರಿಯಿತು.

ಜಪಾನಿನ ಗುಣಮಟ್ಟದ ಗುಟ್ಟೇನು? ರೋಬೋಟಾ, ಶಿಸ್ತಾ, ಸಂಸ್ಕೃತಿನಾ?

"ಅವರ ಸಂಸ್ಕೃತಿನೇ ಹಾಗೆ" ಅನ್ನೋ ಉತ್ತರ ಡೆಟ್ರಾಯಿಟ್‌ಗೆ ಬಹಳ ಇಷ್ಟವಾಗಿತ್ತು, ಯಾಕಂದ್ರೆ ಹಾಗಂದುಬಿಟ್ಟರೆ ತಾವು ಏನೂ ಬದಲಾಯಿಸಬೇಕಿಲ್ಲ ಅಲ್ವಾ. ಈ ಉತ್ತರವನ್ನು ಮಣ್ಣು ಮುಕ್ಕಿಸಿದ ಕಾರ್ಖಾನೆ ಒಂದಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ.

ಅದು ಜಿಎಂ ಕಾರ್ಖಾನೆಯಾಗಿತ್ತು. ಹಾಜರಾತಿ ಕೆಟ್ಟದು, ಕುಡಿತ, ಯೂನಿಯನ್‌ಗೂ ಮೇಲಿನವರಿಗೂ ದಿನಾ ಜಗಳ. 1982ರಲ್ಲಿ ಮುಚ್ಚಿದರು. ಎರಡು ವರ್ಷ ಬಿಟ್ಟು ಟೊಯೋಟಾ ಮತ್ತು ಜಿಎಂ ಸೇರಿ ಅದನ್ನೇ ನಮ್ಮಿ ಅನ್ನೋ ಹೆಸರಲ್ಲಿ ತೆರೆದವು. ಆಡಳಿತ ಟೊಯೋಟಾದ್ದು. ಕೆಲಸಗಾರರು? ಬಹುಪಾಲು ಹಳಬರೇ, ಅದೇ ಯೂನಿಯನ್‌ನವರೇ. ಅವರಲ್ಲಿ ಕೆಲವರನ್ನು ಜಪಾನಿಗೆ ಕಳಿಸಿ ಕೆಲಸ ತೋರಿಸಿದರು. ಹೆಚ್ಚು ದಿನ ಹೋಗಲಿಲ್ಲ, ಅಲ್ಲಿಂದ ಹೊರಬರುತ್ತಿದ್ದ ಕಾರುಗಳು ಜಪಾನಿನ ಕಾರ್ಖಾನೆಯ ಕಾರುಗಳ ಮಟ್ಟಕ್ಕೆ ಬಂದವು.

ಬದಲಾಗಿದ್ದು ಏನು? ಲೈನ್ ಉದ್ದಕ್ಕೂ ಒಂದು ಹಗ್ಗ ಕಟ್ಟಿದ್ದರು. ಏನಾದರೂ ತಪ್ಪು ಕಂಡರೆ ಯಾವ ಕೆಲಸಗಾರ ಬೇಕಾದರೂ ಎಳೆಯಬಹುದು. ತಂಡದ ಮುಖ್ಯಸ್ಥ ಓಡಿ ಬರುತ್ತಾನೆ, "ಏನು ತೊಂದರೆ, ಹೇಗೆ ಸರಿಮಾಡೋಣ" ಅಂತ ಕೇಳುತ್ತಾನೆ, ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತೆ. ಹಳೆಯ ಜಿಎಂನಲ್ಲಿ ಲೈನ್ ನಿಲ್ಲಿಸೋದು ಮಹಾಪಾಪ. ಬೋಲ್ಟ್ ಇಲ್ಲದಿದ್ದರೂ, ತಪ್ಪು ಭಾಗ ಕೂತಿದ್ದರೂ ಕಾರು ಮುಂದೆ ಹೋಗಲೇಬೇಕು. ಆಮೇಲೆ ಅಂಗಳದಲ್ಲಿ ನಿಲ್ಲಿಸಿ ಬಿಚ್ಚಿ ರಿಪೇರಿ. ಯಾವ ಹಂತದಲ್ಲಿ, ಯಾಕೆ ತಪ್ಪಾಯಿತು ಅನ್ನೋದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹಾಗಾಗಿ ನಾಳೆಯೂ ಅದೇ ತಪ್ಪು.

ತಮಾಷೆ ಏನಂದ್ರೆ ಈ ಪಾಠದ ಮೊದಲ ಅಕ್ಷರ ಜಪಾನಿಗೆ ಹೋಗಿದ್ದು ಅಮೆರಿಕದಿಂದಲೇ. ಟೊಯೋಟಾದ ಐಜಿ ಟೊಯೋಡಾ 1950ರಲ್ಲಿ ಫೋರ್ಡ್‌ನ ರಿವರ್ ರೂಜ್ ಕಾರ್ಖಾನೆ ನೋಡಿ ಹೋಗಿದ್ದರು. ಅದೇ ವರ್ಷ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಜಪಾನಿನ ಕಂಪನಿಗಳಿಗೆ ಗುಣಮಟ್ಟದ ಪಾಠ ಮಾಡಿದರು. ಅಲ್ಲಿ ಮರುವರ್ಷವೇ ಅವರ ಹೆಸರಲ್ಲಿ ಪ್ರಶಸ್ತಿ ಶುರುವಾಯಿತು. ಫೋರ್ಡ್ ಅವರನ್ನು ಕರೆಸಿದ್ದು 1980ರ ದಶಕದಲ್ಲಿ, ನೂರಾರು ಕೋಟಿ ಡಾಲರ್ ನಷ್ಟ ಆದ ಮೇಲೆ.

ಹಾಗಾದ್ರೆ ಜಿಎಂ ನಮ್ಮಿಯಲ್ಲಿ ಕಲಿತದ್ದನ್ನು ಬೇರೆ ಕಡೆ ಯಾಕೆ ಮಾಡಲಿಲ್ಲ?

ಪ್ರಯತ್ನ ಪಟ್ಟಿತು, ನಿಧಾನಕ್ಕೆ, ಚೂರು ಚೂರಾಗಿ. ನಮ್ಮಿಯಲ್ಲಿ ಪಳಗಿದ ಮ್ಯಾನೇಜರ್‌ಗಳನ್ನು ಒಟ್ಟಿಗೆ ಒಂದು ಕಡೆ ಹಾಕದೆ ಅಲ್ಲೊಬ್ಬ ಇಲ್ಲೊಬ್ಬ ಅಂತ ಚದುರಿಸಿದರು. ಬೇರೆ ಕಾರ್ಖಾನೆಗೆ ಹಗ್ಗ ಕಟ್ಟಿದರು, ಆದರೆ ಎಳೆದವನಿಗೆ ಬೈಗುಳ ತಪ್ಪಲಿಲ್ಲ. ಬಿಡಿಭಾಗ ಸರಿಯಿಲ್ಲ ಅಂತ ಕೆಲಸಗಾರ ಹೇಳಿದರೆ ಟೊಯೋಟಾದಲ್ಲಿ ಅದನ್ನು ಕಳಿಸಿದವನ ತನಕ, ಕಾರಿನ ವಿನ್ಯಾಸ ಮಾಡಿದ ಎಂಜಿನಿಯರ್ ತನಕ ಮಾತು ಮುಟ್ಟುತ್ತೆ. ಜಿಎಂನಲ್ಲಿ ಆ ದಾರಿಯೇ ಇರಲಿಲ್ಲ. ಅದರ ಬದಲು 1980ರ ದಶಕದಲ್ಲಿ ಅದು ರೋಬೋಟ್‌ಗಳ ಮೇಲೆ, ಕಾರಿಗೆ ಸಂಬಂಧವಿಲ್ಲದ ಕಂಪನಿಗಳನ್ನು ಕೊಳ್ಳುವುದರ ಮೇಲೆ ದುಡ್ಡು ಸುರಿಯಿತು. ನಮ್ಮಿ 2010ರಲ್ಲಿ ಮುಚ್ಚಿತು. ಆ ಕಟ್ಟಡ ಕೊಂಡಿದ್ದು ಟೆಸ್ಲಾ.

ಯೂನಿಯನ್‌ಗಳೇ ಹಾಳು ಮಾಡಿದ್ದು ಅಂತಾರಲ್ಲ?

ಖರ್ಚಿನ ವಿಷಯದಲ್ಲಿ ಒಂದಷ್ಟು ಹೌದು. ಕಾರು ಕೆಲಸಗಾರರ ಯುಎಡಬ್ಲ್ಯು ಯೂನಿಯನ್ ಗಟ್ಟಿಯಾಗಿತ್ತು. ಕೆಲಸ ಇಲ್ಲದವರಿಗೂ ಸಂಬಳದ ಬಹುಪಾಲು ಕೊಡುವ "ಜಾಬ್ಸ್ ಬ್ಯಾಂಕ್" ಅನ್ನೋ ಏರ್ಪಾಡು ಇತ್ತು, ಅದನ್ನು ಸಮರ್ಥಿಸೋದು ಕಷ್ಟ. ದೊಡ್ಡ ಹೊರೆ ನಿವೃತ್ತರದ್ದು. ಜಪಾನಿನಲ್ಲಿ, ಜರ್ಮನಿಯಲ್ಲಿ ಆಸ್ಪತ್ರೆ ಖರ್ಚು ಇಡೀ ದೇಶದ ವ್ಯವಸ್ಥೆಯಲ್ಲಿ ಹಂಚಿಹೋಗುತ್ತೆ, ಅಮೆರಿಕದಲ್ಲಿ ಅದು ಕಂಪನಿಯ ತಲೆ ಮೇಲೆ. ದಕ್ಷಿಣದ ರಾಜ್ಯಗಳಲ್ಲಿ ಆಗ ಹೊಸದಾಗಿ ಬಂದ ವಿದೇಶಿ ಕಂಪನಿಗಳ ಕೆಲಸಗಾರರು ಚಿಕ್ಕ ವಯಸ್ಸಿನವರಾಗಿದ್ದರು, ನಿವೃತ್ತರು ಇರಲೇ ಇಲ್ಲ ಅನ್ನಬಹುದು.

ಆದರೆ ಈ ಒಪ್ಪಂದಗಳಿಗೆ ಸಹಿ ಹಾಕಿದ್ದು ಕಂಪನಿಯವರೇ. ವೇಗಾದ ಎಂಜಿನ್ ಯೂನಿಯನ್ ವಿನ್ಯಾಸ ಮಾಡಿದ್ದಲ್ಲ, ಪಿಂಟೋದ ಟ್ಯಾಂಕ್ ಎಲ್ಲಿರಬೇಕು ಅಂತ ಯೂನಿಯನ್ ಹೇಳಿದ್ದಲ್ಲ. ನಮ್ಮಿಯಲ್ಲೂ ಇದೇ ಯೂನಿಯನ್ ಇತ್ತು.

ಸರ್ಕಾರ ಆಮದು ತಡೆದು ಕಾಪಾಡಬಹುದಿತ್ತಲ್ಲ?

ಕಾಪಾಡಿತಲ್ಲ! ಕಾಪಾಡಿದ್ದೇ ಮುಳುವಾಯಿತು ಅನ್ನೋದು ನನ್ನ ಅಭಿಪ್ರಾಯ.

ಮೊದಲನೇದು ಕೋಳಿ ಸುಂಕ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಅಗ್ಗದ ಕೋಳಿಮಾಂಸ ಯುರೋಪಿಗೆ ನುಗ್ಗಿತ್ತು, ಅವರು ಸುಂಕ ಏರಿಸಿದರು. ಸಿಟ್ಟಿಗೆ ಅಧ್ಯಕ್ಷ ಜಾನ್ಸನ್ ಕೆಲವು ಆಮದು ವಸ್ತುಗಳ ಮೇಲೆ 25% ಸುಂಕ ಹಾಕಿದರು. ಅದರಲ್ಲಿ ಬ್ರಾಂದಿ ಇತ್ತು, ಆಲೂಗಡ್ಡೆ ಪಿಷ್ಟ ಇತ್ತು, ಸಣ್ಣ ಟ್ರಕ್ಕೂ ಇತ್ತು. ಉಳಿದದ್ದೆಲ್ಲ ಹೋಯಿತು, ಟ್ರಕ್ ಸುಂಕ ಮಾತ್ರ 1964ರಿಂದ ಇವತ್ತಿನ ತನಕ ಉಳಿದಿದೆ. ಪಿಕಪ್ ಟ್ರಕ್‌ನಲ್ಲಿ ಹೊರಗಿನವರ ಕಾಟ ಇಲ್ಲ, ಲಾಭ ಭರ್ಜರಿ. ಡೆಟ್ರಾಯಿಟ್ ಅಲ್ಲೇ ಕಾಲು ಚಾಚಿ ಮಲಗಿತು. ಈ ಸುಂಕದಿಂದ ಲಾಭ ಪಡೆದ ಫೋರ್ಡ್‌ಗೇ ಕೊನೆಗೆ ಅದು ತಿರುಗಿ ಬಡಿಯಿತು. ಟರ್ಕಿಯಲ್ಲಿ ಮಾಡಿದ ತನ್ನ ವ್ಯಾನ್‌ಗಳಿಗೆ ಹಿಂದೆ ಸೀಟು ಜೋಡಿಸಿ, "ಇದು ಪ್ರಯಾಣಿಕರ ಗಾಡಿ" ಅಂತ ಬಂದರಿನಲ್ಲಿ ಇಳಿಸಿ, ಆಮೇಲೆ ಸೀಟು ಕಿತ್ತು ಸರಕು ವ್ಯಾನ್ ಮಾಡಿ ಮಾರುತ್ತಿತ್ತು. ಆ ಪ್ರಕರಣ ಇತ್ಯರ್ಥ ಮಾಡಿಕೊಳ್ಳೋಕೆ 2024ರಲ್ಲಿ 36.5 ಕೋಟಿ ಡಾಲರ್ ತೆರಬೇಕಾಯಿತು.

ಎರಡನೇದು 1981ರ ಮಿತಿ. ರೇಗನ್ ಸರ್ಕಾರದ ಒತ್ತಡಕ್ಕೆ ಮಣಿದು ಜಪಾನ್ "ನಾವೇ ಸ್ವಂತ ಇಚ್ಛೆಯಿಂದ" ವರ್ಷಕ್ಕೆ 16.8 ಲಕ್ಷ ಕಾರು ಮಾತ್ರ ಕಳಿಸುತ್ತೇವೆ ಅಂತು. ಆಗಿದ್ದು ಮೂರು. ಎಣಿಕೆಗೆ ಮಿತಿ, ಬೆಲೆಗೆ ಇಲ್ಲ. ಹಾಗಾಗಿ ಜಪಾನಿನವರು ಅಗ್ಗದ ಕಾರಿನ ಬದಲು ಹೆಚ್ಚು ಬೆಲೆಯ, ಹೆಚ್ಚು ಲಾಭದ ಕಾರು ಕಳಿಸಿದರು. 1986ರಲ್ಲಿ ಹೋಂಡಾದ ಅಕ್ಯುರಾ, 1989ರಲ್ಲಿ ಟೊಯೋಟಾದ ಲೆಕ್ಸಸ್ ಅನ್ನೋ ದುಬಾರಿ ಬ್ರ್ಯಾಂಡ್‌ಗಳು ಬಂದು ಕ್ಯಾಡಿಲಾಕ್‌ನ ಬುಡಕ್ಕೇ ಕೈ ಹಾಕಿದವು. ಜೊತೆಗೆ ಸುಂಕ, ಮಿತಿ ಯಾವುದೂ ತಾಗದಂತೆ ಅಮೆರಿಕದಲ್ಲೇ ಕಾರ್ಖಾನೆ ಕಟ್ಟಿದರು: 1982ರಲ್ಲಿ ಹೋಂಡಾ ಒಹಾಯೊದ ಮೇರಿಸ್‌ವಿಲ್‌ನಲ್ಲಿ, 1983ರಲ್ಲಿ ನಿಸಾನ್ ಟೆನೆಸಿಯ ಸ್ಮರ್ನಾದಲ್ಲಿ, 1988ರಲ್ಲಿ ಟೊಯೋಟಾ ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ. ಮೂರನೇದು, ಪೈಪೋಟಿ ಕಡಿಮೆಯಾದ್ದರಿಂದ ಡೆಟ್ರಾಯಿಟ್ ಬೆಲೆ ಏರಿಸಿ ಒಳ್ಳೆ ಲಾಭ ಮಾಡಿತು. ಉಸಿರಾಡಲು ಸಿಕ್ಕ ಆ ಕೆಲವು ವರ್ಷಗಳಲ್ಲಿ ಒಳ್ಳೆ ಚಿಕ್ಕ ಕಾರು ಮಾಡುವುದನ್ನು ಕಲಿಯಲಿಲ್ಲ. 1989ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಹೋಂಡಾ ಅಕಾರ್ಡ್.

ಜಪಾನ್ ತನ್ನ ಬಾಗಿಲು ಮುಚ್ಚಿಕೊಂಡಿರಲಿಲ್ವಾ?

ಕಾರಿನ ಮೇಲಿನ ಸುಂಕವನ್ನು ಜಪಾನ್ 1978ರಲ್ಲೇ ಸೊನ್ನೆ ಮಾಡಿತ್ತು. ಡೀಲರ್ ಜಾಲ, ತಪಾಸಣೆ ಅಂತ ಅಡೆತಡೆ ಇದ್ದದ್ದೂ ನಿಜ. ಆದರೆ ರಸ್ತೆಯ ಎಡಬದಿಯಲ್ಲಿ ಓಡಿಸುವ ದೇಶಕ್ಕೆ ಡೆಟ್ರಾಯಿಟ್ ವರ್ಷಗಟ್ಟಲೆ ಎಡಗಡೆ ಸ್ಟೀರಿಂಗ್ ಇರುವ ಉದ್ದನೆಯ ಕಾರುಗಳನ್ನೇ ಕಳಿಸಿ ಯಾರೂ ಕೊಳ್ಳುತ್ತಿಲ್ಲ ಅಂತ ದೂರಿದರೆ ಏನು ಹೇಳೋದು.

ಈ ಜಗಳ ಜನರ ನಡುವೆ ಹೇಗಿತ್ತು?

ಕೆಟ್ಟದಾಗಿತ್ತು. ಜಪಾನಿ ಕಾರುಗಳನ್ನು ಸುತ್ತಿಗೆಯಲ್ಲಿ ಒಡೆಯುವ ಕಾರ್ಯಕ್ರಮಗಳೇ ನಡೆಯುತ್ತಿದ್ದವು. 1982ರ ಜೂನ್‌ನಲ್ಲಿ ಡೆಟ್ರಾಯಿಟ್ ಬಳಿ ವಿನ್ಸೆಂಟ್ ಚಿನ್ ಅನ್ನೋ 27 ವರ್ಷದ ಯುವಕನನ್ನು ಇಬ್ಬರು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದರು. ಒಬ್ಬ ಕ್ರೈಸ್ಲರ್ ಕಾರ್ಖಾನೆಯ ಮೇಲ್ವಿಚಾರಕ, ಇನ್ನೊಬ್ಬ ಅವನ ಮಲಮಗ. ನಿಮ್ಮಿಂದಲೇ ನಮ್ಮ ಕೆಲಸ ಹೋಯಿತು ಅನ್ನೋ ಅರ್ಥದ ಬೈಗುಳ ಕೇಳಿದ್ದಾಗಿ ಸಾಕ್ಷಿಯೊಬ್ಬರು ಹೇಳಿದರು. ಚಿನ್ ಜಪಾನಿಯೇ ಅಲ್ಲ, ಚೀನಾ ಮೂಲದ ಅಮೆರಿಕನ್. ರಾಜ್ಯದ ಕೋರ್ಟ್ ಕೊಟ್ಟ ಶಿಕ್ಷೆ ಮೂರು ವರ್ಷದ ಪ್ರೊಬೇಷನ್ (ಜೈಲಿಗೆ ಹಾಕದೆ ನಿಗಾದಲ್ಲಿಡುವುದು), 3,000 ಡಾಲರ್ ದಂಡ. ಇಬ್ಬರೂ ಒಂದು ದಿನವೂ ಜೈಲು ಶಿಕ್ಷೆ ಅನುಭವಿಸಲಿಲ್ಲ.

2008ರಲ್ಲಿ ಆಗಿದ್ದೇನು?

ಹಿನ್ನೆಲೆ ಇಷ್ಟು: ಮೈಲೇಜ್ ಕಾನೂನು ಕಾರಿಗೆ ಬಿಗಿ, "ಟ್ರಕ್" ಅಂತ ಲೆಕ್ಕವಾಗುವ ಗಾಡಿಗೆ ಸಡಿಲ. ಎಸ್‌ಯುವಿ ಕೂಡ ಟ್ರಕ್ ಲೆಕ್ಕಕ್ಕೆ ಬಂತು. 1990ರ ದಶಕದಲ್ಲಿ ಪೆಟ್ರೋಲ್ ಅಗ್ಗ, ಎಸ್‌ಯುವಿ ಒಂದಕ್ಕೆ ಸಾವಿರಾರು ಡಾಲರ್ ಲಾಭ. ಮೂವರೂ ಎಲ್ಲ ಮೊಟ್ಟೆಯನ್ನೂ ಅಲ್ಲೇ ಇಟ್ಟರು. 2008ರ ಬೇಸಿಗೆಯಲ್ಲಿ ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ ದಾಟಿತು, ಬೆನ್ನಿಗೇ ಬ್ಯಾಂಕುಗಳು ಕುಸಿದವು, ಸಾಲ ಸಿಗದೆ ಕಾರು ಕೊಳ್ಳುವವರೇ ಇಲ್ಲವಾದರು. ನವೆಂಬರ್‌ನಲ್ಲಿ ಮೂವರು ಮುಖ್ಯಸ್ಥರು ಸಹಾಯ ಕೇಳಲು ವಾಷಿಂಗ್ಟನ್‌ಗೆ ಹೋದರು, ಒಬ್ಬೊಬ್ಬರೂ ತಮ್ಮ ತಮ್ಮ ಖಾಸಗಿ ವಿಮಾನದಲ್ಲಿ! ಮುಂದಿನ ಸಲ ಕಾರಿನಲ್ಲಿ ಬಂದರು.

2009ರ ಏಪ್ರಿಲ್ 30ಕ್ಕೆ ಕ್ರೈಸ್ಲರ್, ಜೂನ್ 1ಕ್ಕೆ ಜಿಎಂ ದಿವಾಳಿ ಅರ್ಜಿ ಹಾಕಿದವು. 77 ವರ್ಷ ಜಗತ್ತಿನಲ್ಲಿ ಅತಿ ಹೆಚ್ಚು ಗಾಡಿ ಮಾರಿದ್ದ ಜಿಎಂ ಅಷ್ಟರಲ್ಲಾಗಲೇ ಆ ಸ್ಥಾನ ಟೊಯೋಟಾಗೆ ಬಿಟ್ಟುಕೊಟ್ಟಿತ್ತು. ಸರ್ಕಾರ ಹಾಕಿದ್ದು ಸುಮಾರು 8,000 ಕೋಟಿ ಡಾಲರ್, ಅದರಲ್ಲಿ ಬಹುಪಾಲು ವಾಪಸ್ ಬಂತು, 900 ಕೋಟಿಗೂ ಮೇಲೆ ಮುಳುಗಿತು. ಫೋರ್ಡ್ ದಿವಾಳಿಯಾಗದೆ ಉಳಿದದ್ದು 2006ರಲ್ಲೇ ತನ್ನ ಕಾರ್ಖಾನೆಗಳ ಜೊತೆಗೆ ಆ ನೀಲಿ ಲೋಗೋವನ್ನೂ ಅಡವಿಟ್ಟು ಸಾಲ ಎತ್ತಿದ್ದರಿಂದ.

ಡೆಟ್ರಾಯಿಟ್ ನಗರ ಹಾಳಾಗಿದ್ದಕ್ಕೂ ಜಪಾನ್ ಕಾರಣಾನಾ?

ನಗರದ ಕಥೆ ಜಪಾನಿಗಿಂತ ಹಳೇದು. 1950ರಲ್ಲಿ 18.5 ಲಕ್ಷ ಜನ ಇದ್ದರು, 2020ರಲ್ಲಿ 6.4 ಲಕ್ಷ. ಆದರೆ ಜನ, ಕಾರ್ಖಾನೆ ಎರಡೂ ಉಪನಗರಗಳಿಗೆ ಹೋಗತೊಡಗಿದ್ದು 1950ರ ದಶಕದಲ್ಲೇ, ಟೊಯೋಟಾ ಹೆಸರೂ ಅಲ್ಲಿ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ. ಬಿಳಿಯರು ಊರು ಬಿಟ್ಟರು, ಕಪ್ಪು ಜನಕ್ಕೆ ಹೊರಗೆ ಮನೆ ಸಿಗಲಿಲ್ಲ, 1967ರಲ್ಲಿ ದೊಡ್ಡ ದಂಗೆಯಾಯಿತು. 2013ರಲ್ಲಿ ನಗರಪಾಲಿಕೆಯೇ ದಿವಾಳಿಯಾಯಿತು.

ಇದಕ್ಕೂ ನಮ್ಮ ಕರ್ನಾಟಕಕ್ಕೂ ಏನಾದ್ರೂ ಸಂಬಂಧ ಇದೆಯಾ?

ಇದೆ. ಡೆಟ್ರಾಯಿಟ್ ಸುತ್ತಮುತ್ತಲ ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್ ಕಡೆ ಕಾರು ಕಂಪನಿಗಳಲ್ಲಿ, ಬಿಡಿಭಾಗದ ಕಂಪನಿಗಳಲ್ಲಿ ಕನ್ನಡಿಗ ಎಂಜಿನಿಯರ್‌ಗಳಿದ್ದಾರೆ. ಅಲ್ಲಿನ ಪಂಪ ಕನ್ನಡ ಕೂಟ ಹಳೆಯದು. ಜಿಎಂನ ತಾಂತ್ರಿಕ ಕೇಂದ್ರ ಬೆಂಗಳೂರಿನಲ್ಲಿದೆ. ಕಾರು ಮಾರುವುದರಲ್ಲಿ ಮಾತ್ರ ಭಾರತದಲ್ಲೂ ಅದೇ ಕಥೆ: ಜಿಎಂ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, 2021ರಲ್ಲಿ ಫೋರ್ಡ್ ಕಾರು ತಯಾರಿಕೆ ಕೈಬಿಟ್ಟಿತು. 1999ರ ಕೊನೆಗೆ ಬಿಡದಿಯಲ್ಲಿ ಕ್ವಾಲಿಸ್ ಮಾಡಲು ಶುರುಮಾಡಿದ ಟೊಯೋಟಾ ಇನ್ನೂ ಅಲ್ಲೇ ಇದೆ.

ಈಗ ಚೀನಾ ಕಾರುಗಳ ಸರದಿನಾ?

ಹಾಗೇ ಕಾಣ್ತಿದೆ. ಚೀನಾದ ವಿದ್ಯುತ್ ಕಾರುಗಳ ಮೇಲೆ ಬೈಡನ್ ಸರ್ಕಾರ 2024ರಲ್ಲಿ 100% ಸುಂಕ ಹಾಕಿತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ಆಮದು ಕಾರುಗಳ ಮೇಲೆ 25% ಸುಂಕ ಸೇರಿಸಿತು. ಈ ಸಲ ಕಟ್ಟಿದ ಗೋಡೆ 1981ರದ್ದಕ್ಕಿಂತ ಬಹಳ ಎತ್ತರ. ಒಳಗಿರುವವರು ಮಾಡುತ್ತಿರುವುದು ಮಾತ್ರ ಹಳೆಯ ಕೆಲಸವೇ. ಫೋರ್ಡ್ 2018ರಲ್ಲಿ, ಉತ್ತರ ಅಮೆರಿಕದಲ್ಲಿ ಸೆಡಾನ್ ಕಾರುಗಳನ್ನೆಲ್ಲ ನಿಲ್ಲಿಸುತ್ತೇನೆ ಅಂತು. ಜಿಎಂ 2019ರಲ್ಲಿ ಲಾರ್ಡ್ಸ್‌ಟೌನ್‌ನಲ್ಲಿ ಕಾರು ಮಾಡೋದು ನಿಲ್ಲಿಸಿತು. ಲಾಭ ಬರ್ತಿರೋದು ದೊಡ್ಡ ಪಿಕಪ್ ಮತ್ತು ಎಸ್‌ಯುವಿಯಿಂದ. ಚೀನಾದ ಕಂಪನಿಗಳು ಮೆಕ್ಸಿಕೊದಲ್ಲಿ, ಬ್ರೆಜಿಲ್‌ನಲ್ಲಿ, ಯುರೋಪಿನಲ್ಲಿ ಚಿಕ್ಕ ಕಾರು ಮಾರ್ತಿವೆ.